ಹಳ್ಳಿಮೈಸೂರಿನಲ್ಲಿ ಕೂತು ಬೆಂಗಳೂರಿಗೆ ಕೇಳಿಸಬೇಕಾದರೆ

ಊರಲ್ಲೇ ಇದ್ದು ಬೆಂಗಳೂರಿನ ಕಂಪನಿಗೆ ದುಡಿಯುವವರನ್ನು ಕಂಪನಿ ಅಳೆಯುವುದು ಬಹುಪಾಲು ಕಿವಿಯಿಂದ. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗಿಯ ಕೆಲಸ ಎಷ್ಟು ಅಚ್ಚುಕಟ್ಟು ಎಂದು ಮ್ಯಾನೇಜರಿಗೆ ತಿಳಿಯುವುದು ತಿಂಗಳ ಕೊನೆಗೆ. ಅವಳ ದನಿ ಕಡಿದು ಕಡಿದು ಬರುತ್ತದೆ ಎಂದು ತಿಳಿಯುವುದು ಮೊದಲ ದಿನ ಬೆಳಿಗ್ಗೆ ಹತ್ತಕ್ಕೇ. ಆಮೇಲೆ ಏನೇ ತಡವಾದರೂ ‘ಅವರ ಕಡೆ ನೆಟ್ ಸರಿಯಿಲ್ಲ’ ಅನ್ನುವ ಹಣೆಪಟ್ಟಿ ಅಂಟಿಕೊಂಡುಬಿಡುತ್ತದೆ.

ಇತ್ತ ಟೀಮ್ಸ್, ಗೂಗಲ್ ಮೀಟ್, ಝೂಮ್, ಸ್ಲ್ಯಾಕ್, ಜೊಹೊ ಕ್ಲಿಕ್, ಕೊನೆಗೆ ವಾಟ್ಸಾಪ್ ಕೂಡ ಕರೆಗೆ ಸಂಬಂಧಿಸಿದ ಹೊಸ ಹೊಸ ಸೌಲಭ್ಯಗಳನ್ನು ತರುತ್ತಲೇ ಇವೆ. ಹಳಬರು ಹೋಗುತ್ತಲೂ ಇದ್ದಾರೆ. 2003ರಲ್ಲಿ ಶುರುವಾದ ಸ್ಕೈಪ್ 2025ರ ಮೇ 5ರಂದು ಬಾಗಿಲು ಹಾಕಿತು, ಅದರ ಬಳಕೆದಾರರನ್ನು ಮೈಕ್ರೋಸಾಫ್ಟ್ ಟೀಮ್ಸ್ ಕಡೆಗೆ ಕಳಿಸಿತು. ಹೊಸದಾಗಿ ಬರುವ ಬಟನ್‌ಗಳಲ್ಲಿ ಅರ್ಧಕ್ಕರ್ಧ ನಮಗೆ ಬೇಕಿಲ್ಲ. ಬೆನ್ನ ಹಿಂದೆ ಸಮುದ್ರ ತೋರಿಸುವುದು, ಪರದೆಯ ಮೇಲೆ ಚಪ್ಪಾಳೆ ಹಾರಿಸುವುದು ಅವರವರ ಖುಷಿ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಕೆಲಸ ಮಾಡುವವರಿಗೆ ಬೇಕಾದ್ದು ಎರಡೇ: ಆಡಿದ ಮಾತು ಕೇಳಿಸಬೇಕು, ಬೇಕೆಂದಾಗ ನಾವು ಸಿಗಬೇಕು. ಈ ಎರಡಕ್ಕೂ ಒದಗುವ ಸೂತ್ರಗಳು ಇಲ್ಲಿವೆ.

1. ರೂಟರ್‌ಗೆ ಕರೆಂಟು ತಪ್ಪಿಸಬೇಡಿ

ಹೊಸ ಫೀಚರ್ ಹುಡುಕುವ ಮೊದಲು ಗೋಡೆಯ ಮೇಲೆ ಮಿಣುಕುವ ಡಬ್ಬಿಯನ್ನು ನೋಡಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಮೊಬೈಲಿಗೂ ಇದೆ, ಅದಕ್ಕಿಲ್ಲ. ಕರೆಂಟು ಒಂದು ಗಳಿಗೆ ಹೋಗಿ ಬಂದರೂ ಸಾಕು, ರೂಟರ್ ಮತ್ತೆ ಎದ್ದು ನೆಟ್ ಹಿಡಿಯುವ ಹೊತ್ತಿಗೆ ಮೀಟಿಂಗಿನಲ್ಲಿ ನಿಮ್ಮ ಸರದಿ ದಾಟಿ ಹೋಗಿರುತ್ತದೆ. ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಅಂಗೈಯಗಲದ ಪೆಟ್ಟಿಗೆ, ಸಾಮಾನ್ಯವಾಗಿ 12 ವೋಲ್ಟಿನದು. ಕೊಳ್ಳುವ ಮೊದಲು ನಿಮ್ಮ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜು, ಆಂಪಿಯರ್ ಎರಡನ್ನೂ ಓದಿಕೊಂಡು ಹೋಗಿ. ಫೈಬರ್ ಬಂದು ಸೇರುವ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ಆದರೂ ಕಟ್ ಆಗ್ತದಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ.

ಹಳೆಯ ತೊಟ್ಟಿ ಮನೆಯಾದರೆ ಇನ್ನೊಂದು ವಿಷಯ. ಮಣ್ಣಿನ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ. 5 ಗಿಗಾಹರ್ಟ್ಸ್ ವೈಫೈ ವೇಗದ್ದು, ಆದರೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. 2.4 ನಿಧಾನದ್ದು, ದೂರ ಹೋಗುತ್ತದೆ. ಕರೆಗೆ ವೇಗಕ್ಕಿಂತ ಸ್ಥಿರತೆ ಮುಖ್ಯ. ಇದೆಲ್ಲಕ್ಕಿಂತ ಒಳ್ಳೆಯದು ರೂಟರ್‌ನಿಂದ ಲ್ಯಾಪ್‌ಟಾಪಿಗೆ ನೇರವಾಗಿ ಎಳೆದ ಕೇಬಲ್. ನೋಡಲು ಚೆಂದವಿಲ್ಲ, ಕೆಲಸಕ್ಕೆ ಅದನ್ನು ಮೀರಿಸಿದ್ದಿಲ್ಲ.

ಊರಿನ ಸ್ಥಿತಿಗೆ ತಕ್ಕಂತೆ ಉಪಕರಣ ಇರಬೇಕು ಎಂಬ ಬುದ್ಧಿ ಹೊಸದೇನಲ್ಲ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು 128 ಲೈನಿನ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸಿದಾಗ ಇಟ್ಟುಕೊಂಡ ಷರತ್ತೇ ಅದು: ಎ.ಸಿ. ಇಲ್ಲದ ಕೋಣೆಯಲ್ಲಿ, ನಮ್ಮ ಧೂಳು, ನಮ್ಮ ಬಿಸಿಲಿನಲ್ಲೇ ನಡೆಯಬೇಕು. ಅಂಥ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಕೆಲಸ ಶುರು ಮಾಡಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲಿ.

2. ಕ್ಯಾಮೆರಾ ಆರಿಸಲು ನಾಚಿಕೆ ಬೇಡ

ಲೆಕ್ಕ ಹಾಕೋಣ. ಒಂದು ಸಾಧಾರಣ ವಿಡಿಯೊ ಸೆಕೆಂಡಿಗೆ 1.5 ಮೆಗಾಬಿಟ್ ತಿನ್ನುತ್ತದೆ ಅಂದುಕೊಳ್ಳಿ. ಗಂಟೆಗೆ 675 ಎಂಬಿ ಆಯಿತು, ಅದೂ ಒಂದೇ ಕಡೆಗೆ. ಹೋಗುವುದು, ಬರುವುದು ಎರಡೂ ಸೇರಿದರೆ ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕ್ ಒಂದೇ ಮೀಟಿಂಗಿಗೆ ಉಸಿರು ಬಿಡುತ್ತದೆ. ಮಾತಿಗಾದರೆ ಹಳೆಯ ಕಾಲದ ದುಬಾರಿ ವಿಧಾನದಲ್ಲೇ ಒಂದು ಕಡೆಗೆ ಗಂಟೆಗೆ ಸುಮಾರು 40 ಎಂಬಿ ಸಾಕು. 2012ರಲ್ಲಿ ಪ್ರಮಾಣಿತವಾದ ಓಪಸ್‌ನಂಥ, ಮಾತನ್ನು ಕುಗ್ಗಿಸಿ ಕಳಿಸುವ ಹೊಸ ಧ್ವನಿ ಕೋಡೆಕ್‌ಗಳಿಗೆ ಅದಕ್ಕಿಂತಲೂ ಬಹಳ ಕಡಿಮೆ ಸಾಕು.

ಆದ್ದರಿಂದ ಮೊದಲ ಎರಡು ನಿಮಿಷ ಮುಖ ತೋರಿಸಿ, ನಮಸ್ಕಾರ ಹೇಳಿ, ‘ನೆಟ್ ಉಳಿಸಲು ಕ್ಯಾಮೆರಾ ಆರಿಸುತ್ತೇನೆ’ ಎಂದು ಬಾಯಿಬಿಟ್ಟು ತಿಳಿಸಿ ಆರಿಸಿ. ಹೇಳದೆ ಆರಿಸಿದರೆ ‘ಇವನು ಎದ್ದು ಹೋದನೇನೋ’ ಎಂಬ ಅನುಮಾನ. ಇನ್ನೂ ಸಾಲದಿದ್ದರೆ ಟೀಮ್ಸ್‌ನಲ್ಲಿ ಬೇರೆಯವರ ವಿಡಿಯೊ ನಿಮಗೆ ಬರುವುದನ್ನೂ ನಿಲ್ಲಿಸಬಹುದು. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಇದೆ, ಅದನ್ನು ಹಚ್ಚಿಟ್ಟುಬಿಡಿ.

3. ಅರ್ಧ ಸೆಕೆಂಡಿನ ಮಹಿಮೆ ತಿಳಿದಿರಲಿ

ಈ ವಿಷಯದಲ್ಲಿ ಹಾಸನದವರು ಬೇರೆಯವರಿಗೆ ಪಾಠ ಹೇಳಬಹುದು. ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಹಾಸನದಲ್ಲಿದೆ, ನಮ್ಮ ಜನ ಎಂ.ಸಿ.ಎಫ್. ಅನ್ನುವುದು ಅದನ್ನೇ. ಭಾರತದ ಭೂಸ್ಥಿರ ಸಂವಹನ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿ ನೋಡಿಕೊಳ್ಳುವ ಕೆಲಸ ಅಲ್ಲಿಯದು. ಭೋಪಾಲದಲ್ಲಿ ಎರಡನೆಯದು ಬಂದದ್ದು 2005ರಲ್ಲಿ. ಆ ಉಪಗ್ರಹಗಳು ಸಮಭಾಜಕ ರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಮಾತು ಮೇಲೆ ಹೋಗಿ ಕೆಳಗೆ ಬರಲು 70 ಸಾವಿರ ಕಿಲೋಮೀಟರ್ ದಾಟಬೇಕು. ಬೆಳಕಿನ ವೇಗದಲ್ಲಿ ಹೋದರೂ ಕಾಲು ಸೆಕೆಂಡು, ಉತ್ತರ ವಾಪಸ್ ಬರಲು ಇನ್ನೊಂದು ಕಾಲು ಸೆಕೆಂಡು. ಉಪಗ್ರಹದ ಮೂಲಕ ಟಿ.ವಿ. ವರದಿಗಾರರು ಮಾತಾಡುವಾಗ ಪ್ರಶ್ನೆ ಕೇಳಿದ ಮೇಲೂ ಸುಮ್ಮನೆ ತಲೆಯಾಡಿಸುತ್ತ ನಿಲ್ಲುತ್ತಾರಲ್ಲ, ಕಾರಣ ಇದು.

ಮಾತು ಸಹಜವಾಗಿ ನಡೆಯಬೇಕಾದರೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಒಳಗಿರಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. 400 ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ’, ‘ಇಲ್ಲ ಇಲ್ಲ ನೀವು ಹೇಳಿ’ ಶುರುವಾಗುತ್ತದೆ. ಹೊಳೆನರಸೀಪುರದಿಂದ ಬೆಂಗಳೂರಿಗೆ ಫೈಬರ್‌ನಲ್ಲಿ ಮಾತು ಹೋಗಲು ಕೆಲವೇ ಮಿಲಿಸೆಕೆಂಡ್ ಸಾಕು. ಹಾಗಾದರೆ ವಿಳಂಬ ಎಲ್ಲಿಂದ ಬರುತ್ತದೆ? ಸಂಜೆ ಎಲ್ಲರೂ ರೀಲ್ಸ್ ನೋಡುವ ಹೊತ್ತಿಗೆ ತುಂಬಿದ ಟವರ್‌ನಿಂದ, ಮನೆಯ ವೈಫೈ ಮೇಲೆ ಬಿದ್ದ ನಾಲ್ಕು ಫೋನುಗಳಿಂದ, ಮತ್ತು ಬಹಳ ಸಲ ಕಂಪನಿಯದೇ ವಿ.ಪಿ.ಎನ್.ನಿಂದ. ವಿ.ಪಿ.ಎನ್. ಸರ್ವರ್ ಅಮೆರಿಕದಲ್ಲಿದ್ದರೆ ಪಕ್ಕದ ಊರಿನ ಸಹೋದ್ಯೋಗಿಗೆ ಆಡಿದ ಮಾತೂ ಅಲ್ಲಿಗೆ ಹೋಗಿ ಬರುತ್ತದೆ. ಕರೆಯ ದಟ್ಟಣೆಯನ್ನು ವಿ.ಪಿ.ಎನ್.ನಿಂದ ಹೊರಗಿಡುವುದು ಒಳ್ಳೆಯದೆಂದು ಟೀಮ್ಸ್ ತಯಾರಿಸುವ ಮೈಕ್ರೋಸಾಫ್ಟೇ ಹೇಳುತ್ತದೆ. ನಿಮ್ಮ ಐ.ಟಿ. ವಿಭಾಗಕ್ಕೆ ಒಂದು ಟಿಕೆಟ್ ಹಾಕಿ ಕೇಳಿ.

ಕೇಳುವಾಗ ಅಂಕಿ ಇಟ್ಟುಕೊಂಡು ಕೇಳಿ. ಟೀಮ್ಸ್ ಕರೆಯ ಮಧ್ಯೆ ‘ಕಾಲ್ ಹೆಲ್ತ್’ ಎಂಬ ಪಟ್ಟಿ ತೆರೆದರೆ ಮಾತು ಹೋಗಿ ಬರಲು ಹಿಡಿಯುವ ಸಮಯ, ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳ ಪ್ರಮಾಣ ಎರಡೂ ಕಾಣುತ್ತವೆ. ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ‘ನೆಟ್ ಸರಿಯಿಲ್ಲ ಸರ್’ ಎಂಬ ದೂರಿಗೆ ಯಾರೂ ಏಳುವುದಿಲ್ಲ, ಅಂಕಿಗೆ ಏಳುತ್ತಾರೆ.

ವಿಳಂಬ ಹೋಗದೇ ಇದ್ದರೆ ಮಾತಿನ ರೀತಿ ಬದಲಿಸಿ. ‘ಯಾರಿಗಾದರೂ ಪ್ರಶ್ನೆ ಇದೆಯಾ?’ ಎಂದು ಗಾಳಿಗೆ ಕೇಳಬೇಡಿ. ಹೆಸರು ಹಿಡಿದು ಕೇಳಿ, ಕೇಳಿದ ಮೇಲೆ ಸುಮ್ಮನಿರಿ.

4. ಗದ್ದಲ ಸೋಸುವ ಕೆಲಸ ಆ್ಯಪ್‌ಗೆ ಬಿಡಿ, ಆದರೆ ಪೂರ್ತಿ ಬಿಡಬೇಡಿ

ಹಳ್ಳಿ ಮೌನವಾಗಿರುತ್ತದೆ ಎಂಬುದು ಬೆಂಗಳೂರಿನವರ ಕಲ್ಪನೆ. ಬೆಳಿಗ್ಗೆ ಡೇರಿಯ ಮುಂದೆ ಹಾಲಿನ ಕ್ಯಾನುಗಳ ಸದ್ದು, ಆಮೇಲೆ ಟ್ರ್ಯಾಕ್ಟರ್, ಗುಜರಿಯವನ ಮೈಕು, ದೇವಸ್ಥಾನದ ಮೈಕ್‌ಸೆಟ್ಟು. ಒಳಗಡೆ ಮಿಕ್ಸಿ. ಇವುಗಳಲ್ಲಿ ಏಕರೂಪದ ಸದ್ದನ್ನು, ಅಂದರೆ ಫ್ಯಾನ್, ಮೋಟಾರ್, ಮಳೆ ಇಂಥವನ್ನು ಟೀಮ್ಸ್, ಮೀಟ್, ಝೂಮ್ ಮೂರೂ ಈಗ ಚೆನ್ನಾಗಿಯೇ ಸೋಸುತ್ತವೆ. ಕಷ್ಟ ಇರುವುದು ಮನುಷ್ಯರ ದನಿಯಲ್ಲಿ. ಯಂತ್ರಕ್ಕೆ ನಿಮ್ಮ ಮಾತೂ ಮಾತೇ, ಪಡಸಾಲೆಯಲ್ಲಿ ಕೂತ ದೊಡ್ಡಪ್ಪನ ಮಾತೂ ಮಾತೇ.

ಅದಕ್ಕೆಂದೇ ಟೀಮ್ಸ್‌ನಲ್ಲಿ ‘ವಾಯ್ಸ್ ಐಸೊಲೇಷನ್’ ಬಂದಿದೆ. ಪರದೆಯ ಮೇಲೆ ತೋರಿಸುವ ಕೆಲವು ಸಾಲುಗಳನ್ನು ಒಮ್ಮೆ ಓದಿದರೆ ನಿಮ್ಮ ಕಂಠವನ್ನು ಅದು ಗುರುತಿಟ್ಟುಕೊಳ್ಳುತ್ತದೆ, ಆಮೇಲೆ ಬೇರೆ ಕಂಠಗಳನ್ನು ತಡೆಯುತ್ತದೆ. ಊರಿಂದ ಕೆಲಸ ಮಾಡುವವರಿಗೆ ಇತ್ತೀಚೆಗೆ ಸಿಕ್ಕ ಅತಿ ಉಪಯುಕ್ತ ಸೌಲಭ್ಯ ಇದೇ ಎಂದು ನನ್ನ ಎಣಿಕೆ. ಗುರುತು ಹಿಡಿಸುವಾಗ ಮಾತ್ರ ಬಾಗಿಲು ಹಾಕಿಕೊಂಡು, ಪ್ರತಿದಿನ ಬಳಸುವ ಇಯರ್‌ಫೋನಿನಲ್ಲೇ ಓದಿ. ಮತ್ತೆ ನೆನಪಿರಲಿ, ಅದು ಹಚ್ಚಿರುವಾಗ ಮನೆಯವರನ್ನು ಯಾರ ಜೊತೆಗಾದರೂ ಮಾತಾಡಿಸಲು ಹೋದರೆ ಅವರ ದನಿಯನ್ನೂ ನುಂಗುತ್ತದೆ.

ತಂತಿಯ ಇಯರ್‌ಫೋನನ್ನು ಹೀಗಳೆಯಬೇಡಿ. ಬ್ಲೂಟೂತ್ ಇಯರ್‌ಬಡ್‌ಗಳಲ್ಲಿ ಹಾಡು ಕೇಳುವಾಗಿನ ಗುಣಮಟ್ಟ ಮೈಕ್ ಚಾಲೂ ಆದ ಕೂಡಲೇ ಇಳಿಯುವುದುಂಟು, ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ತಂತಿಗೆ ಆ ತೊಂದರೆ ಇಲ್ಲ, ಚಾರ್ಜೂ ಬೇಡ. ಆರ್‌.ಸಿ.ಸಿ. ಮನೆಯ ಖಾಲಿ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ. ಹಾಸಿಗೆ, ಕಂಬಳಿ ಒಟ್ಟಿದ ಕೋಣೆಯಲ್ಲಿ ಕೂತರೆ ಸ್ಟುಡಿಯೊ ಬೇಕಾಗಿಲ್ಲ.

ಇನ್ನು ಮ್ಯೂಟ್. ಝೂಮ್‌ನಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕ್ ತೆರೆದಿರುತ್ತದೆ. ಟೀಮ್ಸ್‌ನಲ್ಲಿ ಕಂಟ್ರೋಲ್ ಜೊತೆಗೆ ಸ್ಪೇಸ್‌ಬಾರ್. ಬೆರಳಿಗೆ ಇದು ರೂಢಿಯಾದರೆ, ಅವ್ವ ಬಾಗಿಲಲ್ಲಿ ನಿಂತು ‘ಮಗಾ, ಮುದ್ದೆ ಆರೋಗ್ತದೆ, ಬಾ’ ಎಂದದ್ದು ಸಿಂಗಪುರದ ಕ್ಲೈಂಟಿಗೆ ಕೇಳುವುದಿಲ್ಲ. ಕೇಳಿದರೂ ಪ್ರಳಯವಾಗುವುದಿಲ್ಲ ಬಿಡಿ.

5. ಕರೆಯನ್ನು ಕಡಿಯದೆ ಯಂತ್ರ ಬದಲಿಸಿ

ಮೀಟಿಂಗ್ ನಡುವೆ ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕಿಲ್ಲ. ಅದೇ ಖಾತೆಯಿಂದ ಮೊಬೈಲಿನಲ್ಲಿ ಟೀಮ್ಸ್ ತೆರೆದರೆ ನಡೆಯುತ್ತಿರುವ ಕರೆ ಮೇಲೆಯೇ ಕಾಣುತ್ತದೆ, ಅದನ್ನು ಈ ಫೋನಿಗೆ ವರ್ಗಾಯಿಸಲೇ ಎಂದು ಕೇಳುತ್ತದೆ. ಗೂಗಲ್ ಮೀಟ್‌ನಲ್ಲೂ ‘ಸ್ವಿಚ್ ಹಿಯರ್’ ಎಂದು ಇದೇ ಸೌಲಭ್ಯವಿದೆ. ಮೊಬೈಲಿನಲ್ಲಿ ಬೇರೆ ಕಂಪನಿಯ ಸಿಮ್ ಇದ್ದರೆ ಮಾತ್ರ ಇದರ ಪೂರ್ತಿ ಲಾಭ. ಮನೆಯ ನೆಟ್ಟೂ ಸಿಮ್ಮೂ ಒಂದೇ ಕಂಪನಿಯದಾದರೆ ಎರಡೂ ಒಟ್ಟಿಗೆ ಮಲಗುವ ಸಂಭವ ಉಂಟು.

ಇದರ ತಿರುವುಮುರುವು ತೊಂದರೆಯೂ ಇದೆ: ವೈಫೈ ಚೆನ್ನಾಗಿದೆ, ಮನೆಯೊಳಗೆ ಸಿಗ್ನಲ್ ಇಲ್ಲ. ಫೋನಿಗಾಗಿ ತೆಂಗಿನಮರದ ಬುಡಕ್ಕೆ ಓಡಬೇಡಿ, ವೈಫೈ ಕಾಲಿಂಗ್ ಹಚ್ಚಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಅಷ್ಟೆ, ಬೇರೆ ಆ್ಯಪ್ ಬೇಡ. ನಿಮ್ಮ ಮಾಮೂಲಿ ನಂಬರಿನಿಂದಲೇ ಕರೆ ಹೋಗುತ್ತದೆ.

6. ಸಣ್ಣ ಮಾತಿಗೆ ದೊಡ್ಡ ಮೀಟಿಂಗ್ ಕರೆಯಬೇಡಿ

ಸ್ಲ್ಯಾಕ್ 2021ರಲ್ಲಿ ‘ಹಡಲ್’ ತಂದದ್ದು ಇದಕ್ಕೇ. ಆಹ್ವಾನ ಬೇಡ, ಕ್ಯಾಲೆಂಡರ್ ಬೇಡ, ಒತ್ತಿದರೆ ಮಾತು ಶುರು. ಶುರುವಿನಲ್ಲಿ ಅದು ಬರೀ ಧ್ವನಿಯದಾಗಿತ್ತು, ವಿಡಿಯೊ ಆಮೇಲೆ ಬಂತು. ಉಚಿತ ಯೋಜನೆಯಲ್ಲಿ ಇಬ್ಬರಿಗೆ ಮಾತ್ರ. ದೂರದಲ್ಲಿ ಕೂತವರಿಗೆ ಕಚೇರಿಯ ಕಾಫಿ ಯಂತ್ರದ ಪಕ್ಕದ ಮಾತು ತಪ್ಪಿಹೋಗುತ್ತದೆ. ಬಡ್ತಿಯ ಸುದ್ದಿಗಳು ಹುಟ್ಟುವುದೂ ಅಲ್ಲೇ. ವಾರಕ್ಕೊಂದೆರಡು ಸಲ ಐದೈದು ನಿಮಿಷದ ಹಡಲ್ ಅದರ ಜಾಗ ಸ್ವಲ್ಪ ತುಂಬುತ್ತದೆ.

7. ಯಾವಾಗ ಸಿಗುತ್ತೀರಿ ಎಂದು ಬರೆದಿಡಿ

ನೀವು ಜಾಗದಲ್ಲಿಲ್ಲ ಎನ್ನುವ ಹಳದಿ ಚುಕ್ಕೆ ನೋಡಿ ‘ಊರಿಗೆ ಹೋದೋನು ಗದ್ದೆ ಕೆಲಸಕ್ಕೆ ಹೋಗಿರ್ತಾನೆ’ ಎಂದು ಆಡಿಕೊಳ್ಳುವವರು ಇದ್ದೇ ಇರುತ್ತಾರೆ. ಸ್ಟೇಟಸ್‌ನಲ್ಲಿ ಒಂದು ಸಾಲು ಬರೆಯಿರಿ: ಇಷ್ಟರಿಂದ ಇಷ್ಟು ಗಂಟೆ ಕರೆಗೆ ಸಿಗುತ್ತೇನೆ, ಉಳಿದ ಹೊತ್ತು ಮೆಸೇಜ್ ಮಾಡಿ. ‘ಡು ನಾಟ್ ಡಿಸ್ಟರ್ಬ್’ ಹಾಕುವಾಗಲೂ ಟೀಮ್ಸ್‌ನಲ್ಲಿ ಕೆಲವರಿಗೆ ಆದ್ಯತೆ ಕೊಡಬಹುದು, ಅವರ ಕರೆ ಮಾತ್ರ ಒಳಗೆ ಬರುತ್ತದೆ. ಮ್ಯಾನೇಜರ್, ಟೀಮ್ ಲೀಡ್, ಇನ್ನೊಬ್ಬರು, ಅಷ್ಟು ಸಾಕು.

ಪ್ರೊಫೈಲ್‌ನಲ್ಲಿ ಊರಿನ ಹೆಸರಿನ ಜೊತೆ ತಾಲ್ಲೂಕನ್ನೂ ಹಾಕಿ. ಹಳ್ಳಿಮೈಸೂರು ಎಂದರೆ ಎಚ್‌.ಆರ್.ನವರಿಗೆ ಕೇಳುವುದು ಕೊನೆಯ ಮೂರಕ್ಷರ ಮಾತ್ರ. ‘ಮೈಸೂರಲ್ಲೇ ಇದ್ದೀರಲ್ಲ, ನಾಳೆ ಆಫೀಸಿಗೆ ಬನ್ನಿ’ ಎಂದುಬಿಟ್ಟಾರು.

ವಾಟ್ಸಾಪ್‌ನಲ್ಲಿ 2023ರಿಂದ ಅಪರಿಚಿತ ಕರೆಗಳನ್ನು ಮೌನವಾಗಿಸುವ ಆಯ್ಕೆ ಇದೆ. ಒಳ್ಳೆಯದೇ. ಆದರೆ ಹೊಸ ಗಿರಾಕಿಯ, ಸಂದರ್ಶನದ ಕರೆ ಬರಬೇಕಿರುವ ವಾರ ಅದನ್ನು ತೆಗೆದಿಡಿ. ಕರೆಗೆ ಮೊದಲೇ ಹೊತ್ತು ಗೊತ್ತುಮಾಡುವ ಸೌಲಭ್ಯವೂ 2025ರಲ್ಲಿ ವಾಟ್ಸಾಪ್‌ಗೆ ಸೇರಿದೆ. ಐದು ಜನರಿಗೆ ಐದು ಸಲ ‘ಫ್ರೀ ಇದ್ದೀರಾ’ ಎಂದು ಕೇಳುವುದಕ್ಕಿಂತ ಲಿಂಕ್ ಕಳಿಸಿ ಸುಮ್ಮನಾಗಬಹುದು.

8. ಆ್ಯಪ್‌ನೊಳಗಿನ ಫೋನ್ ನಂಬರ್: ಕಾನೂನು ನೋಡಿ ಹೆಜ್ಜೆ ಇಡಿ

ಆ್ಯಪ್‌ನಿಂದ ಆ್ಯಪ್‌ಗೆ ಮಾತಾಡುವುದು ಒಂದು, ಆ್ಯಪ್‌ನಿಂದ ಯಾರದೋ ಮಾಮೂಲಿ ಫೋನಿಗೆ ಕರೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ನಮ್ಮ ದೇಶದಲ್ಲಿ ಬಹಳ ಕಾಲ ಬಿಗಿ ನಿಯಮಗಳಿದ್ದವು. ಇಂಟರ್ನೆಟ್ ದೂರವಾಣಿಗೆ 2018ರಲ್ಲಿ ದಾರಿ ಬಿಟ್ಟರು. 2020ರ ನವೆಂಬರಿನಲ್ಲಿ, ಕೋವಿಡ್ ಕಾಲದಲ್ಲಿ, ಕಾಲ್ ಸೆಂಟರ್‌ನಂಥ ಸಂಸ್ಥೆಗಳ ಮೇಲಿನ ನಿಯಮಗಳನ್ನು ದೂರಸಂಪರ್ಕ ಇಲಾಖೆ ಸಡಿಲಿಸಿತು. ಮನೆಯಿಂದ, ಅಂದರೆ ಯಾವ ಹಳ್ಳಿಯ ಮನೆಯಿಂದಾದರೂ, ಅಂಥ ಕೆಲಸ ಮಾಡುವುದು ಅಲ್ಲಿಂದ ಸಲೀಸಾಯಿತು. 2021ರ ಜೂನ್‌ನಲ್ಲಿ ಇನ್ನಷ್ಟು ಸಡಿಲವಾಯಿತು. ಏರ್‌ಟೆಲ್ 2023ರಲ್ಲಿ ಮೈಕ್ರೋಸಾಫ್ಟ್ ಜೊತೆ ಸೇರಿ ಟೀಮ್ಸ್ ಮೂಲಕವೇ ಸ್ಥಿರ ದೂರವಾಣಿ ಕರೆಯ ಸೇವೆ ತಂದಿತು. ಝೂಮ್ ತನ್ನ ಫೋನ್ ಸೇವೆಯನ್ನು 2024ರ ಅಕ್ಟೋಬರಿನಲ್ಲಿ ಪುಣೆಯಿಂದ ಶುರು ಮಾಡಿತು.

ಸಣ್ಣ ಉದ್ದಿಮೆ ನಡೆಸುವವರು ಗಮನಿಸಬೇಕಾದ್ದು: ಪರವಾನಗಿ ಇರುವ ಕಂಪನಿಯಿಂದಲೇ ನಂಬರ್ ಪಡೆಯಿರಿ. ‘ಅಗ್ಗದಲ್ಲಿ ವರ್ಚುವಲ್ ನಂಬರ್ ಕೊಡ್ತೀವಿ, ನಿಮ್ಮ ಮನೇಲಿ ಒಂದು ಪೆಟ್ಟಿಗೆ ಇಟ್ಕೊಳ್ಳಿ, ಬಾಡಿಗೆ ಕೊಡ್ತೀವಿ’ ಎಂದು ಯಾರಾದರೂ ಬಂದರೆ ಅದು ಸಿಮ್ ಬಾಕ್ಸ್ ಇರಬಹುದು. ವಿದೇಶಿ ಕರೆಗಳನ್ನು ಕಳ್ಳದಾರಿಯಲ್ಲಿ ಇಳಿಸುವ ಆ ವ್ಯವಹಾರಕ್ಕೆ ಪೊಲೀಸರು ಬರುವುದು ಪೆಟ್ಟಿಗೆ ಇಟ್ಟುಕೊಂಡವರ ಮನೆಗೆ.

9. ಮಂಡಿ, ಬೀಜದ ಅಂಗಡಿ, ಸೊಸೈಟಿಗಳಿಗೂ ಇದು ಬೇಕು

ಕರೆಗಳನ್ನು ಸಾಲಾಗಿ ನಿಲ್ಲಿಸುವ ಕಾಲ್ ಕ್ಯೂ, ರಿಂಗ್ ಗ್ರೂಪ್ ಎಂದರೆ ಐ.ಟಿ. ಕಂಪನಿಯ ಸಾಮಾನು ಎಂದುಕೊಳ್ಳಬೇಡಿ. ಮುಂಗಾರಿನ ಮುಂಚೆ ಹಾಸನದ ಎ.ಪಿ.ಎಂ.ಸಿ.ಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುವ ದಿನಗಳನ್ನು ನೆನೆಯಿರಿ. ‘ಲೋಡು ಬಂತಾ? ರೇಟೆಷ್ಟು?’ ಇಷ್ಟೇ ಪ್ರಶ್ನೆ, ಆದರೆ ಎಲ್ಲರದೂ ಒಂದೇ ಹೊತ್ತಿಗೆ, ಒಬ್ಬರದೇ ಮೊಬೈಲಿಗೆ. ಆ ಫೋನು ಎಂಗೇಜ್ ಬಂದಷ್ಟೂ ಗಿರಾಕಿ ಪಕ್ಕದ ಅಂಗಡಿಗೆ ಹೋದ. ಅಣ್ಣ ತಮ್ಮ ಇಬ್ಬರ ಫೋನೂ ಒಟ್ಟಿಗೆ ಬಡಿದುಕೊಳ್ಳುವಂತೆ, ಅಥವಾ ಒಬ್ಬ ಎತ್ತದಿದ್ದರೆ ಇನ್ನೊಬ್ಬನಿಗೆ ಹೋಗುವಂತೆ ಮಾಡುವುದೇ ರಿಂಗ್ ಗ್ರೂಪ್. ರೇಟನ್ನು ಬೆಳಿಗ್ಗೆ ಧ್ವನಿಯಲ್ಲಿ ದಾಖಲಿಸಿಟ್ಟರೆ ಕರೆ ಮಾಡಿದವರಿಗೆ ಮೊದಲು ಅದೇ ಕೇಳುತ್ತದೆ. ಅರ್ಧ ಕರೆಗಳು ಅಲ್ಲೇ ಮುಗಿಯುತ್ತವೆ.

ರಾಮನಾಥಪುರದ ತಂಬಾಕು ಹರಾಜು ನಡೆಯುವ ಕಾಲದಲ್ಲೂ ಇದೇ ಕತೆ. ಅರಕಲಗೂಡು ತಾಲ್ಲೂಕಿನ ಬೆಳೆಗಾರನಿಗೆ ಬೇಕಾದ್ದು ತನ್ನ ತಂಬಾಕು ಬೇಲ್‌ನ ಸರದಿ ಯಾವತ್ತು ಎಂಬ ಒಂದು ಮಾತು.

ಧ್ವನಿ ಸಂದೇಶ ಕನ್ನಡದಲ್ಲಿರಲಿ, ಊರಿನವರ ದನಿಯಲ್ಲೇ ಇರಲಿ. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂದು ಒಂಬತ್ತರ ತನಕ ಎಳೆಯಬೇಡಿ. ಎರಡು ಆಯ್ಕೆ ಸಾಕು, ಮೂರನೆಯದು ಮನುಷ್ಯ. ಕರೆ ದಾಟಿಸುವಾಗ ‘ಕನ್ಸಲ್ಟ್’ ಆಯ್ಕೆ ಬಳಸಿ: ಮೊದಲು ನೀವು ಒಳಗಿನವರಿಗೆ ವಿಷಯ ತಿಳಿಸಿ, ಆಮೇಲೆ ಗಿರಾಕಿಯನ್ನು ಕಳಿಸುವುದು. ಒಂದೇ ಗೋಳನ್ನು ಮೂರು ಜನಕ್ಕೆ ಹೇಳಿಸಿದರೆ ಯಾವ ರೈತನಿಗೂ ರೇಗುತ್ತದೆ.

ಒಂದು ಎಚ್ಚರ. ಮೊಬೈಲಿನಲ್ಲಿ ಸ್ಟಾರ್, ಹ್ಯಾಶ್ ಒತ್ತಿ ಕರೆ ಫಾರ್ವರ್ಡ್ ಮಾಡುವ ಹಳೆಯ ಪದ್ಧತಿಯನ್ನು ವಂಚಕರು ದುರುಪಯೋಗ ಮಾಡಿದ್ದರಿಂದ 2024ರ ಏಪ್ರಿಲ್ 15ರಿಂದ ದೂರಸಂಪರ್ಕ ಇಲಾಖೆ ನಿಲ್ಲಿಸಿತು. ಫಾರ್ವರ್ಡಿಂಗ್ ಬೇಕಿದ್ದರೆ ಕಂಪನಿಯನ್ನು ಕೇಳಿ ಬೇರೆ ದಾರಿಯಲ್ಲಿ ಮಾಡಿಸಿಕೊಳ್ಳಿ. ಯಾರೋ ಫೋನಿನಲ್ಲಿ ‘ಈ ನಂಬರ್ ಒತ್ತಿ’ ಎಂದರೆ ಒತ್ತಬೇಡಿ.

10. ಯಂತ್ರ ಬರೆದ ಟಿಪ್ಪಣಿಯನ್ನು ಓದಿ ನೋಡಿ

ಈಗಿನ ಕರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದಿರುವ ಫೀಚರ್ ಇದು. ಝೂಮ್‌ನ ಎ.ಐ. ಸಹಾಯಕ 2023ರಲ್ಲಿ ಬಂತು, ಗೂಗಲ್ ಮೀಟ್ ತಾನೇ ಟಿಪ್ಪಣಿ ಬರೆಯಲು 2024ರಲ್ಲಿ ಶುರು ಮಾಡಿತು, ಟೀಮ್ಸ್‌ನಲ್ಲಿ ಕೋಪೈಲಟ್ ಇದೆ. ಮೀಟಿಂಗಿನ ಮಧ್ಯೆ ನೆಟ್ ಹೋಗಿ ಹತ್ತು ನಿಮಿಷ ತಪ್ಪಿಸಿಕೊಂಡವರಿಗೆ ಇದು ವರವೇ. ‘ನಾನಿಲ್ಲದಾಗ ಏನಾಯ್ತು’ ಎಂದು ಯಾರನ್ನೂ ಬೇಡಬೇಕಿಲ್ಲ.

ಆದರೆ ಇವೆಲ್ಲ ಮೊದಲು ಕಲಿತದ್ದು ಇಂಗ್ಲಿಷನ್ನು. ನಾವು ಮಾತಾಡುವುದು ಕನ್ನಡಕ್ಕೆ ಇಂಗ್ಲಿಷ್ ಕಲಸಿ, ಅದಕ್ಕೆ ಹಾಸನದ ರಾಗ ಸೇರಿಸಿ. ಯಂತ್ರ ಎಡವುವುದು ಅಂಕಿಗಳಲ್ಲಿ ಮತ್ತು ಹೆಸರುಗಳಲ್ಲಿ. ‘ನಾಲ್ಕೈದು ದಿನದಲ್ಲಿ ಕೊಡ್ತೀನಿ’ ಎಂದದ್ದು ಟಿಪ್ಪಣಿಯಲ್ಲಿ 45 ದಿನವಾಗಿ ಕೂತರೆ ಹಾಳಾಗುವುದು ನಿಮ್ಮ ಹೆಸರು. ಆದ್ದರಿಂದ ಮೀಟಿಂಗ್ ಮುಗಿಯುವ ಮುನ್ನ ತಾರೀಖು, ಮೊತ್ತ, ಹೊಣೆ ಹೊತ್ತವರ ಹೆಸರು ಮೂರನ್ನೂ ಚಾಟ್‌ನಲ್ಲಿ ನೀವೇ ಟೈಪ್ ಮಾಡಿಬಿಡಿ. ದೂರದಿಂದ ಕೆಲಸ ಮಾಡುವವರಿಗೆ ಇದರಲ್ಲಿ ಗುಟ್ಟಿನ ಲಾಭವೊಂದಿದೆ: ಕೊನೆಗೆ ಎಲ್ಲರೂ ಹುಡುಕಿ ಬರುವುದು ಬರೆದಿಟ್ಟವರ ಬಳಿಗೆ.

11. ರೆಕಾರ್ಡ್ ಮಾಡುವ ಮೊದಲು ಕೇಳಿ

ಆ್ಯಪ್ ತಾನಾಗಿಯೇ ಸೂಚನೆ ತೋರಿಸಿದರೂ ಬಾಯಲ್ಲಿ ಕೇಳುವುದು ಮರ್ಯಾದೆ. ಕಾನೂನೂ ಇದೆ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಗ್ರಾಹಕರ ಕರೆ ದಾಖಲಿಸುವ ಅಂಗಡಿಯವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿ.

12. ‘ಐ.ಟಿ. ಡಿಪಾರ್ಟ್‌ಮೆಂಟ್‌ನಿಂದ’ ಎಂದು ಬಂದ ಕರೆಯನ್ನು ಇಟ್ಟುಬಿಡಿ

ಆಫೀಸಿನಲ್ಲಿ ಕೂತವರು ಅನುಮಾನ ಬಂದರೆ ಎದ್ದು ಹೋಗಿ ಐ.ಟಿ.ಯವರ ಮುಖ ನೋಡಬಲ್ಲರು. ನಾವು ನೋಡಲಾರೆವು, ವಂಚಕರಿಗೆ ಅದು ಗೊತ್ತು. ಮೈಕ್ರೋಸಾಫ್ಟ್ 2024ರಲ್ಲಿ ಎಚ್ಚರಿಸಿದ ಮೋಸದ ರೀತಿ ಹೀಗಿದೆ: ಮೊದಲು ನಿಮ್ಮ ಮೇಲ್‌ಗೆ ರಾಶಿ ರಾಶಿ ಕಸದ ಪತ್ರಗಳು ಬಂದು ಬೀಳುತ್ತವೆ. ನೀವು ಗಾಬರಿಯಾಗಿರುವ ಹೊತ್ತಿಗೇ ಟೀಮ್ಸ್‌ನಲ್ಲಿ ‘ಹೆಲ್ಪ್ ಡೆಸ್ಕ್’ ಎಂಬ ಹೆಸರಿನ ಕರೆ. ಸರಿ ಮಾಡಿಕೊಡುತ್ತೇವೆ, ಕ್ವಿಕ್ ಅಸಿಸ್ಟ್ ತೆರೆಯಿರಿ ಎನ್ನುತ್ತಾರೆ. ತೆರೆದರೆ ಕಂಪ್ಯೂಟರ್ ಅವರ ಕೈಗೆ ಹೋಯಿತು.

ಕರೆ ಮಾಡಿದವರ ಹೆಸರಿನ ಪಕ್ಕ ‘ಎಕ್ಸ್‌ಟರ್ನಲ್’ ಎಂದಿದೆಯೇ ನೋಡಿ. ಇಲ್ಲದಿದ್ದರೂ ಕರೆ ಮುಗಿಸಿ, ನಿಮ್ಮಲ್ಲಿ ಮೊದಲಿಂದ ಇರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ನಿಜವಾದ ಐ.ಟಿ.ಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಮನೆಯ ಹಿರಿಯರಿಗೆ ಬರುವ ‘ಡಿಜಿಟಲ್ ಅರೆಸ್ಟ್’ ವಿಡಿಯೊ ಕರೆಗಳಿಗೂ ಇದೇ ಮದ್ದು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬ್ಯಾಂಕುಗಳ ಸೇವಾ ಕರೆಗಳಿಗೆಂದು 1600ರಿಂದ ಶುರುವಾಗುವ ನಂಬರುಗಳನ್ನು, ಮಾರಾಟದ ಕರೆಗಳಿಗೆಂದು 140ರಿಂದ ಶುರುವಾಗುವವನ್ನು ಗೊತ್ತುಮಾಡಿದ್ದಾರೆ. ಗೋಡೆಯ ಕ್ಯಾಲೆಂಡರಿನ ಮೇಲೆ ಈ ನಂಬರುಗಳನ್ನು ದಪ್ಪಕ್ಷರದಲ್ಲಿ ಬರೆದಿಡಿ.

13. ತುರ್ತು ಕರೆಗೆ ಆ್ಯಪ್ ನಂಬಬೇಡಿ

ವಾಟ್ಸಾಪ್‌ನಿಂದ 112ಕ್ಕಾಗಲಿ 108ಕ್ಕಾಗಲಿ ಕರೆ ಹೋಗುವುದಿಲ್ಲ. ಒಂದು ಮಾಮೂಲಿ ಸಿಮ್ಮಿಗೆ ಕರೆನ್ಸಿ ಹಾಕಿಸಿ, ಫೋನಿಗೆ ಚಾರ್ಜು ತುಂಬಿ ಇಟ್ಟಿರಿ. ಟಿ.ಸಿ. ಸುಟ್ಟು ಊರೇ ಕತ್ತಲಾದ ರಾತ್ರಿ ವಿದ್ಯುತ್ ಕಂಪನಿ ಸೆಸ್ಕ್‌ನ 1912ಕ್ಕೆ ಹೋಗುವುದೂ ಅದರಿಂದಲೇ.

14. ಸೋಮವಾರದ ಮೀಟಿಂಗಿಗೆ ಭಾನುವಾರವೇ ಕೇಳಿಸಿಕೊಳ್ಳಿ

ಟೀಮ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಪರೀಕ್ಷಾ ಕರೆಯೊಂದಿದೆ. ನೀವು ಮಾತಾಡಿದ್ದನ್ನು ದಾಖಲಿಸಿಕೊಂಡು ನಿಮಗೇ ವಾಪಸ್ ಕೇಳಿಸುತ್ತದೆ. ತಮ್ಮ ದನಿ ಬೇರೆಯವರ ಕಿವಿಗೆ ಹೇಗೆ ಬೀಳುತ್ತದೆ ಎಂದು ವರ್ಷಗಟ್ಟಲೆ ಕೆಲಸ ಮಾಡಿದವರಿಗೂ ಗೊತ್ತಿರುವುದಿಲ್ಲ. ಮೈಕು ಬಾಯಿಗೆ ತೀರಾ ಹತ್ತಿರವಿದೆಯೋ, ಉಸಿರು ಬಡಿಯುತ್ತದೆಯೋ, ವಾಕ್ಯದ ಕೊನೆ ನುಂಗುತ್ತೀರೋ, ಎಲ್ಲ ತಿಳಿಯುತ್ತದೆ.

15. ಮುಗಿಸಿ

ಝೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ, ಗೂಗಲ್ ಮೀಟ್‌ನ ಉಚಿತ ಗುಂಪು ಕರೆ 60 ನಿಮಿಷಕ್ಕೆ ತಾವಾಗಿಯೇ ನಿಲ್ಲುತ್ತವೆ. ಇದನ್ನು ಕೊರತೆ ಎಂದುಕೊಂಡು ದುಡ್ಡು ಕಟ್ಟುವ ಮೊದಲು ಯೋಚಿಸಿ, 40 ನಿಮಿಷದಲ್ಲಿ ಮುಗಿಯದ ಎಷ್ಟು ಮಾತು ನಿಮ್ಮಲ್ಲಿದೆ? ಮೀಟಿಂಗ್ ಕರೆದವರು ನೀವೇ ಆಗಿದ್ದರೆ ‘ಲೀವ್’ ಒತ್ತಿ ಎದ್ದುಹೋಗದೆ, ಎಲ್ಲರಿಗೂ ಮೀಟಿಂಗ್ ಮುಗಿಸುವ ಬಟನ್ ಒತ್ತಿ. ಇಲ್ಲದಿದ್ದರೆ ಯಾರದೋ ಮೈಕು ತೆರೆದೇ ಇರುತ್ತದೆ, ಮ್ಯಾನೇಜರ್ ಬಗ್ಗೆ ಅವರು ಮನೆಯವರಿಗೆ ಹೇಳುವ ಅಭಿಪ್ರಾಯ ಇನ್ನೂ ಅಲ್ಲೇ ಉಳಿದಿರುವ ಮ್ಯಾನೇಜರಿಗೂ ಕೇಳುತ್ತದೆ.